ಚಕ್ರವರ್ತಿಯ ನಾಣ್ಯ ಮತ್ತು ನಮ್ಮ ಕಣಿವೆ

(ದೇವಾಲಯದ ಶತಮಾನೋತ್ಸವದ ಅಂಗವಾಗಿ ಹೂಗ್ಯಂನಲ್ಲಿ ಮಾಡಿದ ಭಾಷಣದ ಪಾಠ)



ನೂರು ವರ್ಷ ತುಂಬಿದ ದೇವಾಲಯದ ಅಂಗಳದಲ್ಲಿ ನಿಂತು ಎರಡು ಸಾವಿರ ವರ್ಷಗಳ ಹಿಂದಿನ ಸಂಗತಿಯನ್ನು ಹೇಳಹೊರಡುವುದು ಸಾಹಸವೇ ಸರಿ. ಉತ್ಸವ ಸಮಿತಿಯ ಹಿರಿಯರು ನನಗೆ ವಹಿಸಿರುವ ವಿಷಯ ಅಂಥದು. ರೋಮನರಿಗೂ ನಮ್ಮ ಸೀಮೆಗೂ ಏನು ಸಂಬಂಧವಿತ್ತು, ಅವರ ಗುರುತುಗಳು ಇಂದಿಗೆ ಏನು ಉಳಿದಿವೆ ಎಂಬುದನ್ನು ತಿಳಿಸಬೇಕೆಂದು ಅವರ ಅಪ್ಪಣೆ. ನನ್ನ ಅಳವಿಗೆ ಸಿಕ್ಕಷ್ಟನ್ನು ತಮ್ಮ ಮುಂದಿಡುತ್ತೇನೆ.

ಈ ವಿಷಯ ನಮಗೆ ದೂರದ್ದೇನೂ ಅಲ್ಲ. ಶಾಲೆಯ ಅರ್ಜಿಯಲ್ಲಿ ಮತವೆಂಬ ಕಡೆ ನಮ್ಮಲ್ಲಿ ಅನೇಕರು ‘ಆರ್.ಸಿ.’ ಎಂದು ಬರೆಯುತ್ತ ಬಂದವರು. ಆ ಎರಡು ಅಕ್ಷರಗಳಲ್ಲಿ ಮೊದಲನೆಯದು ಒಂದು ಊರಿನ ಹೆಸರು. ಅದನ್ನು ಕಂಡ ಮಗು ‘ರೋಮಿನವರು ನಮ್ಮನ್ನು ಆಳಿದ್ದರೇ?’ ಎಂದು ಕೇಳುತ್ತದೆ. ಹೊರಗಿನವರು ಕೆಲವರು ‘ನಿಮ್ಮದು ಪರದೇಶದವರು ಹೇರಿದ ಮತ’ ಎನ್ನುತ್ತಾರೆ. ನಮ್ಮೊಳಗೇ ಕೆಲವರು ಅಭಿಮಾನದ ಭರದಲ್ಲಿ ‘ಯೇಸುಸ್ವಾಮಿಯ ಕಾಲದಲ್ಲೇ ರೋಮನರು ಈ ನಾಡಿಗೆ ಬಂದಿದ್ದರು, ಆದ್ದರಿಂದ ನಮ್ಮ ವಿಶ್ವಾಸವೂ ಇಲ್ಲಿ ಅಷ್ಟೇ ಹಳೆಯದು’ ಎನ್ನುತ್ತಾರೆ. ಮಗುವಿನ ಪ್ರಶ್ನೆಗೆ ನೇರ ಉತ್ತರ ಕೊಡಬೇಕಾಗಿದೆ. ಉಳಿದ ಎರಡು ಮಾತುಗಳನ್ನು ಒರೆಗೆ ಹಚ್ಚಬೇಕಾಗಿದೆ. ಶತಮಾನೋತ್ಸವದಂಥ ಸಂದರ್ಭದಲ್ಲಿ ಸತ್ಯವನ್ನೇ ಹೇಳುವುದು ನಮ್ಮ ಪೂರ್ವಿಕರಿಗೆ ಸಲ್ಲಿಸುವ ಗೌರವವೆಂದು ನಾನು ನಂಬಿದ್ದೇನೆ.

ಆಳಲು ಬಂದವರಲ್ಲ

ಮೊದಲನೆಯ ಪ್ರಶ್ನೆಗೆ ಉತ್ತರ ಸರಳವಾಗಿದೆ. ರೋಮನರು ಭಾರತದ ಯಾವ ಭಾಗವನ್ನೂ ಆಳಲಿಲ್ಲ. ಬ್ರಿಟನ್ನಿನಲ್ಲಿ, ಫ್ರಾನ್ಸಿನಲ್ಲಿ, ಸಿರಿಯಾದಲ್ಲಿ, ಈಜಿಪ್ಟಿನಲ್ಲಿ ಅವರ ದಂಡು ಬೀಡುಬಿಟ್ಟಿತು; ಕೋಟೆ, ಹೆದ್ದಾರಿ, ಸ್ನಾನಗೃಹಗಳು ಎದ್ದವು; ಕಂದಾಯ ವಸೂಲಾಯಿತು. ಆ ದೇಶಗಳಲ್ಲಿ ರೋಮನರ ಅವಶೇಷವೆಂದರೆ ಆಳಿಕೆಯ ಅವಶೇಷ. ನಮ್ಮಲ್ಲಿ ಅಂಥ ಒಂದು ಕಲ್ಲೂ ಇಲ್ಲ. ನಮ್ಮಲ್ಲಿ ಉಳಿದಿರುವುದು ವ್ಯಾಪಾರದ ಅವಶೇಷ. ಮಡಕೆಯಲ್ಲಿ ಹುಗಿದಿಟ್ಟ ನಾಣ್ಯಗಳು, ದ್ರಾಕ್ಷಾರಸ ತುಂಬಿ ತಂದ ಜಾಡಿಗಳ ಚೂರುಗಳು, ಮಣಿಗಳು, ಕೆಲವು ಶಬ್ದಗಳು, ಇಷ್ಟೇ.

ಕ್ರಿಸ್ತಪೂರ್ವ 30ರಲ್ಲಿ ಈಜಿಪ್ಟ್ ದೇಶ ರೋಮಿನ ವಶವಾಯಿತು. ಅಲ್ಲಿಂದ ಕೆಂಪು ಸಮುದ್ರದ ದಾರಿ ಅವರಿಗೆ ತೆರೆಯಿತು. ಸ್ಟ್ರಾಬೋ ಎಂಬ ಭೂಗೋಳಜ್ಞನು ತನ್ನ ಕಾಲದಲ್ಲಿ ಮೈಯೊಸ್ ಹೊರ್ಮೊಸ್ ಎಂಬ ಒಂದೇ ರೇವಿನಿಂದ 120 ಹಡಗುಗಳು ಭಾರತದ ಕಡೆಗೆ ಹೊರಡುತ್ತಿದ್ದುವೆಂದು ಬರೆದಿದ್ದಾನೆ. ಹಡಗುಗಳನ್ನು ತಳ್ಳಿ ತರುತ್ತಿದ್ದುದು ನಮ್ಮ ಮುಂಗಾರು ಗಾಳಿ. ಅರಬ್ಬಿ ತೀರದ ಒಸೀಲಿಸ್ ಎಂಬ ರೇವಿನಿಂದ ಮುಸಿರಿಸ್ ಪಟ್ಟಣಕ್ಕೆ 40 ದಿನಗಳ ಪ್ರಯಾಣವೆಂದು ಪ್ಲೀನಿ ಲೆಕ್ಕ ಕೊಟ್ಟಿದ್ದಾನೆ. ಈ ಮುಸಿರಿಸ್ ಕೇರಳದ ಕೊಡುಂಗಲ್ಲೂರಿನ ಬಳಿ ಇತ್ತು. ಅದರ ಸಮೀಪದ ಪಟ್ಟಣಂ ಎಂಬ ಹಳ್ಳಿಯಲ್ಲಿ 2007ರಿಂದ ನಡೆದ ಉತ್ಖನನದಲ್ಲಿ ಮೆಡಿಟರೇನಿಯನ್ ನಾಡುಗಳ ಜಾಡಿಗಳ ಚೂರುಗಳು ಹೇರಳವಾಗಿ ದೊರೆತಿವೆ.

ಅವರಿಗೆ ಬೇಕಾದುದೇನು? ಎಲ್ಲಕ್ಕಿಂತ ಮೊದಲು ಕರಿಮೆಣಸು. ಆಮೇಲೆ ದಂತ, ಮುತ್ತು, ಹತ್ತಿಯ ಬಟ್ಟೆ, ಹಸುರು ನೀಲಿ ಛಾಯೆಯ ವೈಡೂರ್ಯವೆಂಬ ರತ್ನ. ಈಜಿಪ್ಟಿನ ಬೆರೆನಿಕೆ ಎಂಬ ಹಾಳು ರೇವುಪಟ್ಟಣದ ಗುಡಿಯೊಂದರಲ್ಲಿ ಭಾರತದ ಮಣ್ಣಿನ ಜಾಡಿಯೊಂದು ಸಿಕ್ಕಿತು. ಅದರೊಳಗೆ ಸುಮಾರು ಏಳೂವರೆ ಕಿಲೋ ಕರಿಮೆಣಸು ಕಾಳು ಎರಡು ಸಾವಿರ ವರ್ಷ ಹಾಗೆಯೇ ಉಳಿದಿತ್ತು. ನಮ್ಮ ಪಶ್ಚಿಮದ ಬೆಟ್ಟಗಳಲ್ಲಿ ಯಾವನೋ ಬಳ್ಳಿಯಿಂದ ಕಿತ್ತು ಒಣಗಿಸಿದ ಮೆಣಸು ಅದು.

ಅವರು ಬದಲಿಗೆ ಕೊಟ್ಟುದು ಮುಖ್ಯವಾಗಿ ಬೆಳ್ಳಿ ಮತ್ತು ಚಿನ್ನ. ಭಾರತವು ವರ್ಷವರ್ಷವೂ ಐದು ಕೋಟಿ ಸೆಸ್ಟರ್ಸುಗಳಷ್ಟು ಹಣವನ್ನು ರೋಮಿನಿಂದ ಸೆಳೆದುಕೊಳ್ಳುತ್ತಿದೆಯೆಂದು ಪ್ಲೀನಿ ಗೋಳಾಡಿದ್ದಾನೆ. ಲೋಕವನ್ನು ಗೆದ್ದವರು ಒಗ್ಗರಣೆಯ ಸಾಮಾನಿಗಾಗಿ ನಮ್ಮವರ ಅಂಗಡಿಯ ಮುಂದೆ ಚೀಲ ಬಿಚ್ಚಿ ನಿಂತರು.

ಕೊಂಗುನಾಡಿನ ಮಡಕೆಗಳು

ಇದೆಲ್ಲ ಕಡಲತೀರದ ಕಥೆಯಾಯಿತು. ಮಲೆಮಹದೇಶ್ವರ ಬೆಟ್ಟದ ಮಗ್ಗುಲಲ್ಲಿರುವ ನಮಗೂ ಇದಕ್ಕೂ ಏನು ಎಂದು ತಾವು ಕೇಳಬಹುದು. ಅದಕ್ಕೆ ನಮ್ಮ ಹಿರಿಯರಿಗೆ ಚೆನ್ನಾಗಿ ನೆನಪಿರುವ ಒಂದು ಸಂಗತಿಯಿಂದ ಆರಂಭಿಸುತ್ತೇನೆ. ಇಂದು ನಾವು ಚಾಮರಾಜನಗರ ಜಿಲ್ಲೆಯ ಹನೂರು ತಾಲ್ಲೂಕಿನವರು. ಆದರೆ 1956ರ ನವೆಂಬರ್ 1ರವರೆಗೆ ಈ ಸೀಮೆಯನ್ನೊಳಗೊಂಡ ಕೊಳ್ಳೇಗಾಲ ತಾಲ್ಲೂಕು ಮದ್ರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಆ ಕೊಯಮತ್ತೂರು ಸೀಮೆ ಭಾರತದಲ್ಲಿ ರೋಮನ್ ನಾಣ್ಯಗಳು ಅತಿ ಹೆಚ್ಚಾಗಿ ದೊರೆತ ಪ್ರದೇಶಗಳಲ್ಲಿ ಒಂದು.

ಇದಕ್ಕೆ ಕಾರಣ ಭೂಮಿಯ ರಚನೆಯಲ್ಲಿದೆ. ಪಶ್ಚಿಮ ಘಟ್ಟಗಳ ಗೋಡೆಯಲ್ಲಿ ಪಾಲಕ್ಕಾಡಿನ ಬಳಿ ಸುಮಾರು 30 ಕಿಲೋಮೀಟರ್ ಅಗಲದ ಒಂದು ಬಾಗಿಲಿದೆ. ಮುಸಿರಿಸಿನಲ್ಲಿ ಇಳಿದ ಸರಕು ಆ ಬಾಗಿಲಿನಿಂದ ಕೊಂಗುನಾಡಿಗೆ ಬಂದು, ನೊಯ್ಯಲ್ ನದಿಯ ದಂಡೆಯಲ್ಲಿ ಸಾಗಿ, ಕರೂರಿನಲ್ಲಿ ಕಾವೇರಿಯ ಬಯಲನ್ನು ಸೇರುತ್ತಿತ್ತು. ಈ ದಾರಿಯುದ್ದಕ್ಕೂ ಮಡಕೆಗಳು ಸಿಕ್ಕಿವೆ. ಕೊಯಮತ್ತೂರಿನ ಬಳಿಯ ವೆಳ್ಳಲೂರಿನಲ್ಲಿ 1842ರಲ್ಲಿ ಒಂದೇ ನಿಧಿಯಲ್ಲಿ 522 ಬೆಳ್ಳಿಯ ನಾಣ್ಯಗಳು ಹೊರಬಂದವು. ಅವುಗಳಲ್ಲಿ ಬಹುಪಾಲು ಅಗಸ್ಟಸ್ ಮತ್ತು ತಿಬೇರಿಯಸ್ ಎಂಬ ಇಬ್ಬರು ಚಕ್ರವರ್ತಿಗಳವು.

ಅದೇ ದಾರಿಯಲ್ಲಿ, ಈಗಿನ ಈರೋಡು ಜಿಲ್ಲೆಯಲ್ಲಿ, ನೊಯ್ಯಲ್ ದಂಡೆಯ ಕೊಡುಮಣಲ್ ಎಂಬ ಹಳ್ಳಿಯಿದೆ. 1985ರಿಂದ ಅಲ್ಲಿ ನಡೆದ ಉತ್ಖನನಗಳಲ್ಲಿ ಒಂದು ಕೈಗಾರಿಕೆಯ ಊರೇ ಬೆಳಕಿಗೆ ಬಂತು. ಕಬ್ಬಿಣ ಕರಗಿಸುತ್ತಿದ್ದ ಕುಲುಮೆಗಳು, ಮಣಿ ಕೊರೆಯುತ್ತಿದ್ದವರ ಕೆಲಸದ ಜಾಗಗಳು, ಅರ್ಧ ಕೊರೆದು ಬಿಟ್ಟ ಸ್ಫಟಿಕ ಮತ್ತು ವೈಡೂರ್ಯದ ಹರಳುಗಳು, ತಮ್ಮ ಹೆಸರನ್ನು ತಮಿಳು ಬ್ರಾಹ್ಮಿ ಅಕ್ಷರಗಳಲ್ಲಿ ಗೀಚಿದ ಮಡಕೆಯ ಚೂರುಗಳು ಅಲ್ಲಿ ಸಿಕ್ಕವು. ರೋಮಿನ ಶ್ರೀಮಂತೆಯ ಕೊರಳಿಗೆ ಹೋಗುವ ಮಣಿಗೆ ಇಲ್ಲಿನ ಕೂಲಿಕಾರನು ಉಸಿರು ಬಿಗಿಹಿಡಿದು ತೂತು ಕೊರೆದನು. ಪಕ್ಕದ ಪಡಿಯೂರಿನಲ್ಲಿ ಈ ವೈಡೂರ್ಯದ ಗಣಿಯಿತ್ತು.

ಇನ್ನು ನಮ್ಮ ಕಣಿವೆಯ ಮಾತು. ಪಾಲಾರ್ ಹೊಳೆಯ ಜಾಡು ಹಿಡಿದು ಕಾವೇರಿಪುರಕ್ಕೆ ಇಳಿಯುವ ದಾರಿ ಮೈಸೂರು ಸೀಮೆಗೂ ಕೊಂಗುನಾಡಿಗೂ ನಡುವಿನ ಹಳೆಯ ದಾರಿಗಳಲ್ಲಿ ಒಂದು. 1800ರಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಕಂಪನಿ ಸರಕಾರದ ಅಪ್ಪಣೆಯ ಮೇರೆಗೆ ಮೈಸೂರು, ಕೊಯಮತ್ತೂರು, ಮಲಬಾರು ಸೀಮೆಗಳನ್ನು ಸುತ್ತಿ ವರದಿ ಬರೆದನು. ಅವನು ಕೊಳ್ಳೇಗಾಲ, ಕೌದಳ್ಳಿಗಳ ಮೇಲೆ ಬಂದು ಕಾವೇರಿಪುರದ ಘಟ್ಟ ಇಳಿದು ಕೊಂಗುನಾಡನ್ನು ಸೇರಿದನು. ಅದೇ ಪ್ರಯಾಣದಲ್ಲಿ ಮುಂದೆ ಪೊಳ್ಳಾಚಿಯನ್ನು ತಲುಪಿದಾಗ, ಆ ಊರಿನ ಬಳಿ ಆಗತಾನೆ ಸಿಕ್ಕಿದ್ದ ಮಡಕೆಯೊಂದರ ಬೆಳ್ಳಿ ನಾಣ್ಯಗಳಲ್ಲಿ ಕೆಲವು ಅವನ ಕೈಗೆ ಬಂದವು. ಅವು ಅಗಸ್ಟಸ್ ಮತ್ತು ತಿಬೇರಿಯಸರ ನಾಣ್ಯಗಳು. ನಮ್ಮ ಬೆಟ್ಟದ ದಾರಿಯನ್ನು ಬಣ್ಣಿಸಿದ ಅದೇ ಲೇಖನಿ ಆ ನಾಣ್ಯಗಳನ್ನೂ ಬಣ್ಣಿಸಿತು.

ಹೂಗ್ಯಂ ಮಣ್ಣಿನಿಂದ ಎದ್ದ ರೋಮನ್ ನಾಣ್ಯವೊಂದನ್ನು ತೋರಿಸಲು ನಾನು ಇಲ್ಲಿಗೆ ಬಂದಿಲ್ಲ. ಒಂದು ಕಡೆ ನಾಣ್ಯಗಳ ಕೊಂಗುನಾಡು, ಇನ್ನೊಂದು ಕಡೆ ನಾಣ್ಯಗಳ ಕನ್ನಡನಾಡು, ಇವೆರಡನ್ನು ಕೂಡಿಸುವ ಘಟ್ಟದ ದಾರಿಗಳಲ್ಲಿ ಒಂದರ ಮೇಲೆ ನಾವು ವಾಸವಾಗಿದ್ದೇವೆ ಎಂಬುದಷ್ಟೇ ನನ್ನ ಮಾತು.

ಕನ್ನಡನಾಡಿನ ಸಾಕ್ಷಿಗಳು

ಕನ್ನಡನಾಡಿನ ಕಡೆಗೆ ತಿರುಗೋಣ. 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ ರೈಲ್ವೆ ಕೆಲಸಕ್ಕೆ ನೆಲ ಅಗೆಯುತ್ತಿದ್ದಾಗ 163 ರೋಮನ್ ಬೆಳ್ಳಿ ನಾಣ್ಯಗಳು ದೊರೆತವು. ಅಗಸ್ಟಸ್, ತಿಬೇರಿಯಸ್, ಕ್ಲಾಡಿಯಸ್ ಮೊದಲಾದವರ ಕಾಲದವು ಅವು. 1965ರಲ್ಲಿ ಎಚ್.ಎ.ಎಲ್. ವಿಮಾನ ನಿಲ್ದಾಣದ ಬಳಿ ಇನ್ನೊಂದು ಮಡಕೆ ಸಿಕ್ಕಿತು. ಅದರಲ್ಲಿ 256 ನಾಣ್ಯಗಳಿದ್ದವು. ಚಿತ್ರದುರ್ಗದ ಬುಡದಲ್ಲಿರುವ ಚಂದ್ರವಳ್ಳಿಯಲ್ಲಿ ಶಾತವಾಹನರ ಕಾಲದ ನಾಣ್ಯಗಳ ಜೊತೆಗೆ ತಿಬೇರಿಯಸನ ಬೆಳ್ಳಿ ನಾಣ್ಯಗಳೂ ಹೊರಬಂದಿವೆ. 1947ರಲ್ಲಿ ಬ್ರಹ್ಮಗಿರಿ ಮತ್ತು ಚಂದ್ರವಳ್ಳಿಗಳನ್ನು ಅಗೆದ ಮಾರ್ಟಿಮರ್ ವೀಲರ್ ಅವರು, ಇಲ್ಲಿನ ಮಣ್ಣಿನ ಪದರಗಳ ಕಾಲವನ್ನು ಗೊತ್ತುಪಡಿಸಲು ಈ ರೋಮನ್ ಸಾಮಗ್ರಿಯನ್ನೇ ಆಧಾರವಾಗಿ ಹಿಡಿದರು. ತಮ್ಮ ಹೆಸರನ್ನೂ ವರ್ಷವನ್ನೂ ಎಲ್ಲಿಯೂ ಕೆತ್ತದೆ ಹೋದ ನಮ್ಮ ಪೂರ್ವಿಕರ ಕಾಲವನ್ನು ತಿಳಿಸಲು ಹೊರನಾಡಿನ ಒಂದು ಬೆಳ್ಳಿಯ ಬಿಲ್ಲೆ ನೆರವಾಯಿತು.

ನಮಗೆ ಇನ್ನೂ ಹತ್ತಿರದ ಒಂದು ಸಾಕ್ಷಿಯಿದೆ. ಕ್ರಿಸ್ತಶಕ ಎರಡನೆಯ ಶತಮಾನದಲ್ಲಿ ಟಾಲೆಮಿಯು ಭಾರತದ ಊರುಗಳ ಪಟ್ಟಿಯನ್ನು ಮಾಡುವಾಗ, ಒಳನಾಡಿನ ‘ಪೌನ್ನಾಟ’ ಎಂಬ ಸ್ಥಳವನ್ನು ಹೆಸರಿಸಿ, ಅಲ್ಲಿ ವೈಡೂರ್ಯ ಸಿಗುತ್ತದೆ ಎಂದು ಬರೆದನು. ಇದು ಕಪಿನಿ ತೀರದ ಕಿತ್ತೂರನ್ನು ರಾಜಧಾನಿಯಾಗಿ ಮಾಡಿಕೊಂಡಿದ್ದ ನಮ್ಮ ಪುನ್ನಾಟವೇ ಎಂದು ಹಲವು ವಿದ್ವಾಂಸರು ಗುರುತಿಸಿದ್ದಾರೆ. ಅದೇ ಪಟ್ಟಿಯಲ್ಲಿ ಬನವಾಸಿಯ ಹೆಸರೂ ಇದೆ.

ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿ ಸಿಕ್ಕ, ಎರಡನೆಯ ಶತಮಾನದ ಹಾಳೆಯೊಂದರಲ್ಲಿ ಒಂದು ಗ್ರೀಕ್ ಪ್ರಹಸನವಿದೆ. ಹಿಂದೂಮಹಾಸಾಗರದ ತೀರದ ರಾಜನೊಬ್ಬನ ಕೈಗೆ ಸಿಕ್ಕ ಗ್ರೀಕ್ ಹುಡುಗಿಯನ್ನು ಬಿಡಿಸಿಕೊಂಡು ಹೋಗುವ ಕಥೆ ಅದು. ಆ ತೀರದವರು ಆಡುವ ಅರ್ಥವಾಗದ ಮಾತುಗಳು ಕನ್ನಡವಿರಬಹುದೆಂದು ಜರ್ಮನ್ ವಿದ್ವಾಂಸ ಹುಲ್ಟ್ಶ್ ಅವರು 1904ರಲ್ಲಿ ಸೂಚಿಸಿದರು. ಆರ್. ಶಾಮಶಾಸ್ತ್ರಿಗಳೂ ಮಂಜೇಶ್ವರದ ಗೋವಿಂದ ಪೈಗಳೂ ಅದನ್ನು ವಿಸ್ತಾರವಾಗಿ ವಿವೇಚಿಸಿದರು. ಎಲ್ಲ ವಿದ್ವಾಂಸರೂ ಒಪ್ಪಿಲ್ಲ; ಚರ್ಚೆ ಮುಗಿದಿಲ್ಲ. ಹೆಮ್ಮೆಯ ವಿಷಯದಲ್ಲಿಯೂ ಎರಡೂ ಪಕ್ಷಗಳನ್ನು ಹೇಳುವುದು ನ್ಯಾಯವೆಂದು ಇದನ್ನು ತಿಳಿಸಿದ್ದೇನೆ.

ಅದೇ ನಾಣ್ಯ, ಎರಡು ನಾಡು

ಈಗ ನನ್ನ ಭಾಷಣದ ಮುಖ್ಯ ಮಾತಿಗೆ ಬರುತ್ತೇನೆ. ನಮ್ಮ ಸೀಮೆಯ ಮಡಕೆಗಳಲ್ಲಿ ಮತ್ತೆ ಮತ್ತೆ ಕಾಣುವ ತಿಬೇರಿಯಸನ ನಾಣ್ಯವನ್ನು ಮನಸ್ಸಿನಲ್ಲಿಯೇ ಅಂಗೈ ಮೇಲಿಟ್ಟುಕೊಳ್ಳಿ. ಚೆನ್ನೈಯ ಎಳುಂಬೂರಿನ ಸರಕಾರಿ ವಸ್ತುಸಂಗ್ರಹಾಲಯಕ್ಕೆ ಹೋದವರು ಇಂಥ ರೋಮನ್ ನಾಣ್ಯಗಳನ್ನು ಕಾಣಬಹುದು. ತೂಕ ನಾಲ್ಕು ಗ್ರಾಮಿಗೆ ತುಸು ಕಡಿಮೆ. ಒಂದು ಮುಖದಲ್ಲಿ ಎಲೆಯ ಮಾಲೆ ಮುಡಿದ ಚಕ್ರವರ್ತಿಯ ತಲೆ. ಇನ್ನೊಂದು ಮುಖದಲ್ಲಿ ಪೀಠದ ಮೇಲೆ ಕುಳಿತ ಒಬ್ಬ ಸ್ತ್ರೀ. ಸುತ್ತ ‘ಪೊಂತಿಫೆಕ್ಸ್ ಮಾಕ್ಸಿಮುಸ್’, ಅಂದರೆ ಮಹಾಯಾಜಕ, ಎಂಬ ಬಿರುದಿನ ಮೊಟಕು ಅಕ್ಷರಗಳು. ಅಂದು ಅದು ಚಕ್ರವರ್ತಿಯ ಬಿರುದು. ಶತಮಾನಗಳು ಉರುಳಿದ ಮೇಲೆ ಅದೇ ಬಿರುದು ಜಗದ್ಗುರು ಪೋಪರದಾಯಿತು.

ಯೇಸುಸ್ವಾಮಿಯು ಜನಿಸಿದುದು ಅಗಸ್ಟಸನ ಕಾಲದಲ್ಲಿ. ಶಿಲುಬೆಗೇರಿದುದು ತಿಬೇರಿಯಸನ ಕಾಲದಲ್ಲಿ. ಚಕ್ರವರ್ತಿಗೆ ತೆರಿಗೆ ಕೊಡುವುದು ಸರಿಯೇ ಎಂದು ಕೇಳಿ ಸ್ವಾಮಿಯನ್ನು ಸಿಕ್ಕಿಸಲು ಬಂದವರ ಕಥೆ ತಮಗೆಲ್ಲ ಗೊತ್ತಿದೆ. ಒಂದು ನಾಣ್ಯವನ್ನು ತರಿಸಿ, ಇದರ ಮೇಲಿನ ಮುಖ ಯಾರದೆಂದು ಸ್ವಾಮಿ ಕೇಳಿದರು. ಆ ನಾಣ್ಯ ತಿಬೇರಿಯಸನ ಇಂಥ ನಾಣ್ಯವೇ ಎಂದು ಬಹುಮಂದಿ ಭಾವಿಸುತ್ತಾರೆ. ಯೆರೂಸಲೇಮಿನ ದೇವಾಲಯದ ಅಂಗಳದಲ್ಲಿ ಪ್ರಶ್ನೆಗೆ ಗುರಿಯಾದ ಮುಖವೂ ಕೊಯಮತ್ತೂರಿನ ಹೊಲದಲ್ಲಿ ನೇಗಿಲಿಗೆ ಸಿಕ್ಕ ಮುಖವೂ ಒಂದೇ.

ಆದರೆ ಒಂದೇ ನಾಣ್ಯ ಎರಡು ನಾಡುಗಳಲ್ಲಿ ಎರಡು ಅರ್ಥವನ್ನು ಪಡೆಯಿತು. ಕ್ರಿಸ್ತಶಕ 6ರಲ್ಲಿ ಯೂದಾಯ ನಾಡು ರೋಮಿನ ನೇರ ಆಳಿಕೆಗೆ ಒಳಗಾಯಿತು; ತೆರಿಗೆಗಾಗಿ ಜನರ ಲೆಕ್ಕ ಬರೆದರು; ಗಲಿಲೇಯದ ಯೂದನೆಂಬುವನು ದಂಗೆಯೆದ್ದನು. ಅಲ್ಲಿ ಆ ನಾಣ್ಯ ದಾಸ್ಯದ ಗುರುತು. ಸುಂಕದ ಕಟ್ಟೆಯಲ್ಲಿ ಕುಳಿತವನನ್ನು ಕಂಡರೆ ಜನ ಹೇಸುತ್ತಿದ್ದುದು ಅದಕ್ಕಾಗಿ. ಕ್ರಿಸ್ತಶಕ 70ರಲ್ಲಿ ರೋಮನ್ ಸೇನೆ ಯೆರೂಸಲೇಮಿನ ದೇವಾಲಯವನ್ನೇ ಸುಟ್ಟಿತು. ಅಲ್ಲಿ ಕಂದಾಯವಾಗಿ ಜನರ ಕೈಯಿಂದ ಹೋದ ಬೆಳ್ಳಿಯೇ ಇಲ್ಲಿ ಬೆಲೆಯಾಗಿ ಜನರ ಕೈಗೆ ಬಂತು. ಚಕ್ರವರ್ತಿಯ ಮುಖಕ್ಕೆ ಇಲ್ಲಿ ಯಾರೂ ಮಣಿಯಬೇಕಾಗಿರಲಿಲ್ಲ. ಬೆಳ್ಳಿಯ ತೂಕ ಸರಿಯಿದ್ದರೆ ಸಾಕಾಗಿತ್ತು. ಪುದುಕ್ಕೋಟ್ಟೆಯಲ್ಲಿ 1898ರಲ್ಲಿ ಸಿಕ್ಕ 501 ಚಿನ್ನದ ನಾಣ್ಯಗಳಲ್ಲಿ ಬಹುಪಾಲು ನಾಣ್ಯಗಳ ಮೇಲೆ ಚಕ್ರವರ್ತಿಯ ಮುಖಕ್ಕೆ ಉಳಿಯಿಂದ ಏಟು ಹಾಕಿದೆ. ಕ್ರಿಸ್ತಶಕ 64ರಲ್ಲಿ ನೀರೋ ಚಕ್ರವರ್ತಿಯು ಬೆಳ್ಳಿ ನಾಣ್ಯದ ತೂಕವನ್ನು ತಗ್ಗಿಸಿ ಕಲಬೆರಕೆ ಮಾಡಿದನು. ಆಮೇಲಿನ ಬೆಳ್ಳಿ ನಾಣ್ಯಗಳು ನಮ್ಮ ನಿಧಿಗಳಲ್ಲಿ ಬಲು ವಿರಳ. ಇಲ್ಲಿನ ವರ್ತಕರು ಒರೆಗಲ್ಲನ್ನು ನಂಬಿದವರು, ಬಿರುದನ್ನಲ್ಲ.

ಇನ್ನೊಂದು ಲೆಕ್ಕವನ್ನೂ ನೋಡಬೇಕು. ದ್ರಾಕ್ಷಾತೋಟದ ಕೂಲಿಯಾಳುಗಳ ಸಾಮತಿಯಲ್ಲಿ ಯಜಮಾನನು ಇಡೀ ದಿನದ ದುಡಿಮೆಗೆ ಗೊತ್ತುಮಾಡಿದ ಕೂಲಿ ಇಂಥ ಒಂದು ನಾಣ್ಯ. ಹಾಗಾದರೆ ಯಶವಂತಪುರದ 163 ನಾಣ್ಯಗಳೆಂದರೆ ಆ ನಾಡಿನ ಒಬ್ಬ ಕೂಲಿಯಾಳಿನ ಐದು ತಿಂಗಳಿಗೆ ಮೀರಿದ ಬೆವರು. ವೆಳ್ಳಲೂರಿನ 522 ನಾಣ್ಯಗಳೆಂದರೆ ಸುಮಾರು ಒಂದೂವರೆ ವರ್ಷದ್ದು. ಅದನ್ನು ಮಡಕೆಯಲ್ಲಿಟ್ಟು ಹುಗಿದವನು ಮತ್ತೆ ಬಂದು ತೆಗೆಯಲಿಲ್ಲ. ಕಳ್ಳರ ಭಯವೋ, ಯುದ್ಧವೋ, ದಾರಿಯಲ್ಲಿ ಬಂದ ಸಾವೋ! ಭೂಮಿಯೊಳಗೆ ಉಳಿದ ಪ್ರತಿಯೊಂದು ನಿಧಿಯೂ ಮನೆಗೆ ಮರಳದ ಒಬ್ಬನ ಕಥೆ.

ನಾಣ್ಯದಿಂದ ಸಿದ್ಧವಾಗದ ಮಾತು

ನಮ್ಮೊಳಗಿನ ಅಭಿಮಾನಿಗಳ ಮಾತಿಗೆ ಈಗ ಬರಬೇಕು. ರೋಮನ್ ನಾಣ್ಯ ಸಿಕ್ಕಿದೆಯೆಂದರೆ ಕ್ರೈಸ್ತ ವಿಶ್ವಾಸವೂ ಆಗಲೇ ಬಂದಿತ್ತೆಂದು ಅರ್ಥವಲ್ಲ. ಅಗಸ್ಟಸನೂ ತಿಬೇರಿಯಸನೂ ಕ್ರೈಸ್ತರಲ್ಲ; ಅವರ ಬೆಳ್ಳಿಯನ್ನು ತಂದ ವರ್ತಕರು ತಮ್ಮ ತಮ್ಮ ದೇವತೆಗಳಿಗೆ ಹರಕೆ ಹೊತ್ತು ಹಡಗು ಹತ್ತಿದವರು. ಸಂತ ತೋಮಾಸರು ಕ್ರಿಸ್ತಶಕ 52ರಲ್ಲಿ ಕೊಡುಂಗಲ್ಲೂರಿಗೆ ಬಂದರೆಂಬುದು ಕೇರಳದ ಕ್ರೈಸ್ತರ ಪುರಾತನ ಪರಂಪರೆ. ಆ ಕಡಲದಾರಿ ಅಂದು ತೆರೆದಿತ್ತೆಂಬುದಕ್ಕೆ ನಾಣ್ಯಗಳು ಸಾಕ್ಷಿ ನುಡಿಯುತ್ತವೆ, ಅಷ್ಟೇ. ಅದನ್ನು ಎಳೆದು ತಂದು ನಮ್ಮ ಬೆಟ್ಟಕ್ಕೆ ಕಟ್ಟಬಾರದು.

ಶಿಲುಬೆಯ ಗುರುತು ಕನ್ನಡ ನೆಲಕ್ಕೆ ಬಂದ ಒಂದು ವಿಚಿತ್ರ ಸಂಗತಿಯನ್ನು ಇಲ್ಲಿ ಹೇಳಬೇಕು. ಹಾವೇರಿ ಜಿಲ್ಲೆಯ ಹಾನಗಲ್ಲು ತಾಲ್ಲೂಕಿನ ಅಕ್ಕಿಆಲೂರಿನಲ್ಲಿ ಸಿಕ್ಕ ಚಿನ್ನದ ನಿಧಿಯಲ್ಲಿ 5 ಮತ್ತು 6ನೆಯ ಶತಮಾನಗಳ ಪೂರ್ವ ರೋಮನ್ ಚಕ್ರವರ್ತಿಗಳ ನಾಣ್ಯಗಳಿವೆ. ಆ ವೇಳೆಗೆ ಚಕ್ರವರ್ತಿಗಳು ಕ್ರೈಸ್ತರಾಗಿದ್ದರು. ಶಿಲುಬೆ ಹಿಡಿದ ರೆಕ್ಕೆಯ ಆಕೃತಿಯನ್ನು ಅಚ್ಚೊತ್ತುವುದು ಆ ಕಾಲದ ಚಿನ್ನದ ನಾಣ್ಯಗಳಲ್ಲಿ ವಾಡಿಕೆಯಾಗಿತ್ತು. ದಕ್ಷಿಣ ಭಾರತದಲ್ಲಿ ಸಿಕ್ಕ ರೋಮನ್ ಚಿನ್ನದ ನಾಣ್ಯಗಳಲ್ಲಿ ಹಲವಕ್ಕೆ ತೂತು ಕೊರೆದಿದೆ, ಕಾಸಿನ ಸರದಂತೆ ಕೊರಳಿಗೆ ಧರಿಸಲು. ಕದಂಬರ ಕಾಲದ ಯಾವಳೋ ಗರತಿ ಅರ್ಥ ತಿಳಿಯದೆಯೇ ಅಂಥದೊಂದನ್ನು ಕೊರಳಲ್ಲಿ ಧರಿಸಿರಬಹುದು. ಅದರಿಂದ ಅವಳು ಕ್ರೈಸ್ತಳಾಗಲಿಲ್ಲ. ಗುರುತು ಬರುವುದೇ ಬೇರೆ, ವಿಶ್ವಾಸ ಬೇರೂರುವುದೇ ಬೇರೆ.

ನಮ್ಮ ಸೀಮೆಯಲ್ಲಿ ವಿಶ್ವಾಸ ಬೇರೂರಿದುದು ಬಹಳ ಈಚೆಗೆ. 17ನೆಯ ಶತಮಾನದ ನಡುವೆ ಇಟಲಿಯ ಯೇಸುಸಭೆಯ ಗುರು ಲಿಯೊನಾರ್ಡೊ ಚಿನ್ನಾಮಿಯವರು ಶ್ರೀರಂಗಪಟ್ಟಣದಲ್ಲಿ ಮೈಸೂರು ಮಿಷನ್ನನ್ನು ಆರಂಭಿಸಿದರು. ಕನ್ನಡವನ್ನು ಕಲಿತು ಕನ್ನಡದಲ್ಲೇ ಧರ್ಮಬೋಧೆಯನ್ನು ಬರೆದರು. ಸತ್ಯಮಂಗಲವೂ ಆ ಕಾಲದ ಒಂದು ಕೇಂದ್ರವಾಗಿತ್ತು. 1773ರಲ್ಲಿ ಯೇಸುಸಭೆ ವಿಸರ್ಜನೆಗೊಂಡ ಮೇಲೆ ಪ್ಯಾರಿಸಿನ ವಿದೇಶ ಮಿಷನ್ ಸಂಸ್ಥೆಯ ಗುರುಗಳು ಬಂದರು. ಅವರಲ್ಲೊಬ್ಬರಾದ ಅಬ್ಬೆ ದ್ಯುಬುವಾ ಅವರು ಮೈಸೂರು ಸೀಮೆಯ ಹಳ್ಳಿಗಳಲ್ಲಿ ಸಿಡುಬಿನ ದೇವಿ ಹಾಕಿಸುವ ಕಾರ್ಯವನ್ನೂ ಮಾಡಿದರು. ಇವರಲ್ಲಿ ಯಾರ ಹಿಂದೆಯೂ ರೋಮಿನ ದಂಡು ಇರಲಿಲ್ಲ. ತಿಬೇರಿಯಸನ ಸಾಮ್ರಾಜ್ಯ ಅಷ್ಟು ಹೊತ್ತಿಗೆ ಮಣ್ಣುಗೂಡಿ ಎಷ್ಟೋ ಶತಮಾನಗಳಾಗಿದ್ದವು. ‘ಹೇರಿದ ಮತ’ ಎನ್ನುವವರಿಗೆ ಈ ಕ್ರಮವನ್ನು ಶಾಂತವಾಗಿ ತಿಳಿಸೋಣ. ನಮ್ಮವರು ಈ ವಿಶ್ವಾಸವನ್ನು ಕೇಳಿ ಒಪ್ಪಿ ಹಿಡಿದವರು. ಪ್ರಾಚೀನತೆ ಸಾಲದೆಂದು ನಾವು ನಾಚಬೇಕಾಗಿಲ್ಲ. ಸುಳ್ಳು ಪ್ರಾಚೀನತೆಯನ್ನು ಎರವಲು ತರಬೇಕಾಗಿಯೂ ಇಲ್ಲ.

ನಾಲಗೆಯ ಮೇಲಿನ ಅವಶೇಷ

ಹಾಗಾದರೆ ಹೂಗ್ಯಂನಲ್ಲಿ ರೋಮಿನ ಅವಶೇಷ ಏನೂ ಇಲ್ಲವೇ? ಇದೆ, ಅದು ನಮ್ಮ ನಾಲಗೆಯ ಮೇಲಿದೆ. ಹಳೆಯ ಕನ್ನಡ ಶಾಸನಗಳ ‘ದ್ರಮ್ಮ’ ಎಂಬ ನಾಣ್ಯದ ಹೆಸರು ಗ್ರೀಕರ ದ್ರಾಖ್ಮದಿಂದ ಬಂದುದು. ‘ದೀನಾರ’ ಎಂಬುದು ರೋಮನರ ದೆನಾರಿಯುಸ್. ಜುಲೈ ಎಂಬುದು ಜೂಲಿಯಸ್ ಸೀಸರನ ಹೆಸರು, ಆಗಸ್ಟ್ ಎಂಬುದು ಅಗಸ್ಟಸನ ಹೆಸರು. ನಮ್ಮ ಮಗುವಿನ ಜ್ಞಾನಸ್ನಾನದ ದಿನವನ್ನು ಬರೆಯುವಾಗ ನಾವು ಅರಿಯದೆಯೇ ಅವರನ್ನು ನೆನೆಯುತ್ತೇವೆ.

ನಮ್ಮ ಹೆಸರುಗಳನ್ನೇ ನೋಡಿ. ಅಂತೋಣಿ ಎಂಬುದು ರೋಮಿನ ಒಂದು ಮನೆತನದ ಹೆಸರು. ಇನ್ನಾಸಪ್ಪ ಎಂಬುದು ಇಗ್ನಾತಿಯುಸ್. ಇವೆಲ್ಲಕ್ಕಿಂತ ಸೊಗಸಾದುದು ಚಿನ್ನಪ್ಪ. ಕನ್ನಡದ ಕಿವಿಗೆ ಅದು ಬಂಗಾರದ ಹೆಸರಿನಂತೆ ಕೇಳಿಸುತ್ತದೆ. ಸಂತ ಪೌಲರ ಹೆಸರು ಲತೀನಿನಲ್ಲಿ ಪೌಲುಸ್. ಆ ಮಾತಿಗೆ ಸಣ್ಣವನು ಎಂದು ಅರ್ಥ. ತಮಿಳಿನಲ್ಲಿ ಸಣ್ಣದಕ್ಕೆ ‘ಚಿನ್ನ’ ಎನ್ನುವರು. ಅದರಿಂದ ಅವರು ಪೌಲರನ್ನು ಚಿನ್ನಪ್ಪರ್ ಎಂದು ಕರೆದರು. ಎರಡು ಭಾಷೆಗಳು ಬೆರೆತ ನಮ್ಮ ಸೀಮೆಯಲ್ಲಿ ಆ ಹೆಸರು ಚಿನ್ನಪ್ಪನಾಗಿ ನಿಂತಿತು. ರೋಮಿನ ಪೌರನಾಗಿದ್ದು ರೋಮಿನಲ್ಲಿಯೇ ತಲೆಕೊಟ್ಟ ಆ ಮಹಾನುಭಾವರ ಹೆಸರನ್ನು ಹೊತ್ತವರು ಇಂದು ನಮ್ಮ ಸೀಮೆಯಲ್ಲಿ ರಾಗಿ ಹೊಲ ಉಳುತ್ತಿದ್ದಾರೆ.

ಇನ್ನೊಂದು ಹೆಸರಿದೆ. ಪ್ರತಿ ಭಾನುವಾರ ಬಲಿಪೂಜೆಯಲ್ಲಿ ವಿಶ್ವಾಸ ಪ್ರಮಾಣವನ್ನು ಹೇಳುವಾಗ ನಾವೆಲ್ಲರೂ ಒಬ್ಬ ರೋಮನ್ ಅಧಿಕಾರಿಯ ಹೆಸರನ್ನು ಉಚ್ಚರಿಸುತ್ತೇವೆ. ಅವನು ಪೊಂತಿಯುಸ್ ಪಿಲಾತ. ಕ್ರಿಸ್ತಶಕ 26ರಿಂದ 36ರವರೆಗೆ ಯೂದಾಯವನ್ನು ಆಳಿದವನು. 1961ರಲ್ಲಿ ಕೈಸರೇಯದ ಹಾಳುಗಳಲ್ಲಿ ಇಟಲಿಯ ಉತ್ಖನನಕಾರರಿಗೆ ಒಂದು ಕಲ್ಲು ಸಿಕ್ಕಿತು. ಅದರಲ್ಲಿ ಪಿಲಾತನ ಹೆಸರೂ ತಿಬೇರಿಯಸನ ಹೆಸರೂ ಇವೆ. ಲೋಕವನ್ನಾಳಿದ ಚಕ್ರವರ್ತಿಯನ್ನು ಹಳ್ಳಿಯ ಜನ ಮರೆತರು. ಅವನ ಸಣ್ಣ ಅಧಿಕಾರಿಯ ಹೆಸರು ಮಾತ್ರ ನಮ್ಮ ಬೆಟ್ಟದ ತಪ್ಪಲಿನಲ್ಲಿ ವಾರವಾರವೂ ಕೇಳಿಬರುತ್ತದೆ, ಅವನ ಮುಂದೆ ಕೈಕಟ್ಟಿ ನಿಂತ ಬಡವನೊಬ್ಬನ ಕಾರಣದಿಂದ. ರೋಮಿನ ಆಳಿಕೆ ನಮಗೆ ಹೀಗೆ ತಲುಪಿತು. ಆಳಿದವರ ಕಡೆಯಿಂದ ಬರಲಿಲ್ಲ, ಅದರ ಕೈಯಲ್ಲಿ ನೊಂದವರ ಕಡೆಯಿಂದ ಬಂತು. ‘ಆರ್.ಸಿ.’ ಎಂದು ಬರೆಯುವ ಮಕ್ಕಳಿಗೆ ನಾವು ಹೇಳಬೇಕಾದ ಉತ್ತರ ಇದು.

ಉಳಿಸುವ ಹೊಣೆ

ಕೊನೆಯದಾಗಿ ಎರಡು ವಿನಂತಿಗಳು. ಮೊದಲನೆಯದು ನೆಲದ ವಿಷಯ. ಬಾವಿ ತೋಡುವಾಗ, ಪಾಯ ಅಗೆಯುವಾಗ ಹಳೆಯ ಮಡಕೆ ಸಿಕ್ಕರೆ ರಾತ್ರೋರಾತ್ರಿ ಅಕ್ಕಸಾಲಿಯ ಕುಲುಮೆಗೆ ಹೋಗುವುದು ನಮ್ಮ ನಾಡಿನ ದುರದೃಷ್ಟ. ಕರಗಿದ ಮೇಲೆ ಅದು ನಾಲ್ಕು ದಿನದ ಖರ್ಚಿಗೆ ಆಗುವ ಬೆಳ್ಳಿ. ಕರಗದಿದ್ದರೆ ಒಂದು ನಾಡಿನ ಚರಿತ್ರೆ. ನಿಧಿ ಸಿಕ್ಕವರು ಜಿಲ್ಲಾಧಿಕಾರಿಗಳಿಗೆ ತಿಳಿಸಬೇಕೆಂದು 1878ರಷ್ಟು ಹಿಂದೆಯೇ ಕಾನೂನಾಗಿದೆ. 1962ರಲ್ಲಿ ನಮ್ಮ ರಾಜ್ಯವೂ ಪ್ರತ್ಯೇಕ ಕಾನೂನನ್ನು ಮಾಡಿತು. ಪಾಂಡವರ ಮನೆ, ಪಾಂಡವರ ಗುಡಿ ಎಂದು ನಾಡಿನ ಹಲವೆಡೆ ಜನ ಕರೆಯುವ ಕಲ್ಲುಗೋರಿಗಳನ್ನು ನಿಧಿಯಾಸೆಗೆ ಕೆಡವಬೇಡಿ. ಅವು ಸತ್ತವರನ್ನು ಮಣ್ಣುಮಾಡಿದ ಜಾಗಗಳು. ನಮ್ಮ ಸಮಾಧಿಗಳನ್ನು ಇತರರು ಗೌರವಿಸಲೆಂದು ನಾವು ಬಯಸುವುದಿಲ್ಲವೇ?

ಎರಡನೆಯದು ನಮ್ಮದೇ ಚರಿತ್ರೆಯ ವಿಷಯ. ಹಳೆಯ ಧರ್ಮಕೇಂದ್ರಗಳ ಜ್ಞಾನಸ್ನಾನ, ವಿವಾಹ, ಮರಣದ ಪುಸ್ತಕಗಳನ್ನು ಗುರುಗಳು ಲತೀನಿನಲ್ಲಿ ಬರೆದಿಡುತ್ತಿದ್ದರು. ರೋಮಿನ ಭಾಷೆಯಲ್ಲಿ ನಮ್ಮ ಅಜ್ಜ ಅಜ್ಜಿಯರ ಹೆಸರುಗಳು ಅವುಗಳಲ್ಲಿವೆ. ಅರಸರ ಶಾಸನಗಳಲ್ಲಿ ಎಲ್ಲಿಯೂ ಬಾರದ ಕೂಲಿಕಾರರ, ವಿಧವೆಯರ, ಹುಟ್ಟಿದ ಮೂರನೆಯ ದಿನ ತೀರಿಕೊಂಡ ಶಿಶುಗಳ ಹೆಸರುಗಳು ಅಲ್ಲಿವೆ. ಬೆಳ್ಳಿಯ ನಾಣ್ಯ ಎರಡು ಸಾವಿರ ವರ್ಷ ಮಣ್ಣಿನಲ್ಲಿ ತಾಳುತ್ತದೆ. ಕಾಗದ ಒಂದು ಮಳೆಗಾಲದ ಗೆದ್ದಲಿಗೂ ತಾಳದು. ಶತಮಾನೋತ್ಸವದ ನೆನಪಿಗೆ ಕಮಾನು ಕಟ್ಟುವುದರ ಜೊತೆಗೆ, ಇಂಥ ಪುಸ್ತಕಗಳನ್ನು ಪ್ರತಿ ಮಾಡಿಸಿ, ಒಳ್ಳೆಯ ಪೆಟ್ಟಿಗೆಯಲ್ಲಿ ಕಾಪಾಡುವ ಏರ್ಪಾಡಾಗಲಿ. ಹಿರಿಯರ ಬಾಯಲ್ಲಿರುವ ಕಥೆಗಳನ್ನು ಯುವಕರು ಬರೆದುಕೊಳ್ಳಲಿ.

ಇಲ್ಲಿಂದ ಪಾಲಾರ್ ಹರಿದು ಮೆಟ್ಟೂರಿನ ಜಲಾಶಯವನ್ನು ಸೇರುತ್ತದೆ. 1934ರಲ್ಲಿ ಆ ಅಣೆಕಟ್ಟು ಮುಗಿದಾಗ ಹಲವು ಹಳ್ಳಿಗಳು ನೀರಿನಡಿಗೆ ಹೋದವು. ಇಂದಿಗೂ ನೀರು ಬಹಳ ಇಳಿದ ಬೇಸಗೆಯಲ್ಲಿ ಪಣ್ಣವಾಡಿಯ ಬಳಿ ಮುಳುಗಿದ ಹಳೆಯ ಇಗರ್ಜಿಯ ಗೋಪುರಗಳು ಮೇಲೆ ಕಾಣುತ್ತವೆ. ನಮ್ಮಂಥವರೇ ಅಲ್ಲಿ ಮೊಣಕಾಲೂರಿ ಪ್ರಾರ್ಥಿಸಿದ್ದರು. ನಮ್ಮ ದೇವಾಲಯ ನೂರು ವರ್ಷ ನೆಲದ ಮೇಲೆ ನಿಂತಿದೆ. ಇನ್ನು ನೂರು ವರ್ಷಗಳ ಮೇಲೆ ಇಲ್ಲಿ ನಿಂತು ಮಾತನಾಡುವವನಿಗೆ ನಮ್ಮ ಬಗ್ಗೆ ಹೇಳಲು ನಿಜವಾದ ಸಂಗತಿಗಳು ಸಿಗುವಂತೆ ನಾವು ನಡೆದುಕೊಳ್ಳೋಣ.

 ದೇವರು ಈ ಧರ್ಮಕೇಂದ್ರವನ್ನೂ ಈ ಊರಿನ ಎಲ್ಲ ಮತದ ಜನರನ್ನೂ ಹರಸಲಿ.